ಮಕ್ಕಳ ಕ್ಷಯ: ಸ್ಯಾಂಪಲ್ ತೆಗೆಯುವುದು ಹೇಗೆ, ತೂಕದ ಮೇಲೆ ಕಣ್ಣಿಡುವುದು ಹೇಗೆ

‘ಕಫ ನೆಗೆಟಿವ್, ಟಿಬಿ ಇಲ್ಲ’ ಎಂದು ಚೀಟಿ ಬರೆದು ಮಗುವನ್ನು ಮನೆಗೆ ಕಳಿಸುವ ತಪ್ಪು ಸಣ್ಣ ಆರೋಗ್ಯ ಕೇಂದ್ರಗಳಲ್ಲಿ ಪದೇ ಪದೇ ಆಗುತ್ತದೆ. ಎಳೆಯ ಮಕ್ಕಳು ಕಫ ಉಗುಳುವುದಿಲ್ಲ, ನುಂಗುತ್ತಾರೆ. ದೊಡ್ಡವರ ಶ್ವಾಸಕೋಶದಲ್ಲಿರುವಷ್ಟು ರೋಗಾಣುಗಳೂ ಅವರಲ್ಲಿರುವುದಿಲ್ಲ. ಬಾಯಿಯ ಜೊಲ್ಲನ್ನು ಗಾಜಿನ ಪಟ್ಟಿಗೆ ಸವರಿ ನೋಡಿದರೆ ಏನೂ ಕಾಣದಿರುವುದೇ ಹೆಚ್ಚು. ಹೀಗಾಗಿ ನೆಗೆಟಿವ್ ವರದಿಯೊಂದನ್ನೇ ನಂಬಿ ಮಗುವಿನ ಕಡತ ಮುಚ್ಚಬೇಡಿ.

ಹಂತ 1: ಸರಿಯಾಗಿ ಕೇಳಿ

ಎರಡು ವಾರ ದಾಟಿದ ಕೆಮ್ಮು, ಎರಡು ವಾರ ದಾಟಿದ ಜ್ವರ, ಏರದ ಅಥವಾ ಇಳಿಯುತ್ತಿರುವ ತೂಕ, ಆಟ ಬಿಟ್ಟು ಮಂಕಾಗಿ ಕೂರುವುದು: ಈ ನಾಲ್ಕನ್ನು ಕೇಳಿ. ಆಮೇಲೆ ಸಂಪರ್ಕದ ಪ್ರಶ್ನೆ. ‘ಮನೆಯಲ್ಲಿ ಯಾರಿಗಾದರೂ ಟಿಬಿ ಇದೆಯಾ?’ ಎಂದು ಕೇಳಿದರೆ ಬಹುಪಾಲು ‘ಇಲ್ಲ’ ಎಂದೇ ಉತ್ತರ ಬರುತ್ತದೆ. ಬದಲಿಗೆ ಹೀಗೆ ಕೇಳಿ: ‘ಹೋದ ಒಂದು ವರ್ಷದಲ್ಲಿ ಮಗುವಿನ ಪಕ್ಕ ಮಲಗುವವರು, ಎತ್ತಿಕೊಳ್ಳುವವರು ಯಾರಾದರೂ ತಿಂಗಳುಗಟ್ಟಲೆ ಕೆಮ್ಮಿದ್ದರಾ? ಆರು ತಿಂಗಳು ಮಾತ್ರೆ ತಿಂದವರಿದ್ದಾರಾ?’

ಹಂತ 2: ಮೈ ನೋಡಿ

ಕುತ್ತಿಗೆಯ ಗಡ್ಡೆ, ಬೆನ್ನಿನ ಗೂನು, ಉಸಿರಿನ ವೇಗ. ಫಿಟ್ಸ್, ಕುತ್ತಿಗೆ ಸೆಡೆತ, ಎಚ್ಚರ ತಪ್ಪುವುದು ಕಂಡರೆ ಪರೀಕ್ಷೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕಳಿಸಿ.

ಚರ್ಮದ ಪರೀಕ್ಷೆ (ಮುಂಗೈ ಚರ್ಮಕ್ಕೆ ಟ್ಯೂಬರ್‌ಕುಲಿನ್ ಚುಚ್ಚಿ ನೋಡುವುದು) ಮಾಡಿದ್ದರೆ 48ರಿಂದ 72 ಗಂಟೆಯೊಳಗೆ ಗಟ್ಟಿಯಾದ ಉಬ್ಬನ್ನು ಮಾತ್ರ ಅಳೆಯಿರಿ, ಕೆಂಪನ್ನಲ್ಲ. 10 ಮಿ.ಮೀ. ಇದ್ದರೆ ಪಾಸಿಟಿವ್, ಎಚ್‌ಐವಿ ಅಥವಾ ತೀವ್ರ ಅಪೌಷ್ಟಿಕತೆ ಇರುವ ಮಗುವಿಗೆ 5 ಸಾಕು. ಕ್ಷಯ ಪತ್ತೆಗೆಂದು ಮಾರುವ ರಕ್ತದ ಪ್ರತಿಕಾಯ ಕಿಟ್‌ಗಳಿಗೆ ಒಂದು ಕಾಸನ್ನೂ ಹಾಕಬೇಡಿ. ಅವನ್ನು ಬಳಸಲೇಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲೇ ಹೇಳಿದೆ.

ಹಂತ 3: ಜಠರದ ಸ್ಯಾಂಪಲ್

ಹೆಚ್ಚಿನವರು ಎಡವುವುದು ಇಲ್ಲಿ. ರಾತ್ರಿಯಿಡೀ ನುಂಗಿದ ಕಫ ಬೆಳಗಿನ ಜಾವ ಹೊಟ್ಟೆಯಲ್ಲಿರುತ್ತದೆ. ಮಗು ಎದ್ದು ಓಡಾಡಿದರೆ, ಒಂದು ಗುಟುಕು ಹಾಲು ಕುಡಿದರೂ ಅದು ಕರುಳಿಗೆ ಇಳಿದುಹೋಗುತ್ತದೆ. ಆದ್ದರಿಂದ ಕನಿಷ್ಠ ನಾಲ್ಕು ಗಂಟೆ ಏನೂ ಕೊಡದೆ, ಎಚ್ಚರವಾದ ಕೂಡಲೇ, ಹಾಸಿಗೆಯಲ್ಲೇ, ಮೂಗಿನಿಂದ ಹೊಟ್ಟೆಗೆ ಟ್ಯೂಬ್ ಇಳಿಸಿ ತೆಗೆಯಬೇಕು. ಹತ್ತು ಗಂಟೆಗೆ ಹೊರರೋಗಿ ವಿಭಾಗದಲ್ಲಿ ತೆಗೆದ ಸ್ಯಾಂಪಲ್‌ನಿಂದ ಹೆಚ್ಚು ನಿರೀಕ್ಷಿಸಬೇಡಿ.

ಇಬ್ಬರು ಬೇಕು, ಒಬ್ಬರು ಮಗುವನ್ನು ಹಿಡಿಯಲು. ರಕ್ತಸ್ರಾವದ ತೊಂದರೆ ಅಥವಾ ಪ್ಲೇಟ್‌ಲೆಟ್ ಕೊರತೆ ಇರುವ ಮಗುವಿಗೆ ಇದನ್ನು ಮಾಡಬೇಡಿ. ಸಾಮಾನ್ಯವಾಗಿ 10 ಫ್ರೆಂಚ್ (ಟ್ಯೂಬಿನ ದಪ್ಪದ ಅಳತೆ) ಟ್ಯೂಬ್, ಎಳೆಗೂಸಿಗೆ ಇನ್ನೂ ಸಣ್ಣದು. ಮೂಗಿನ ತುದಿಯಿಂದ ಕಿವಿಯ ಹಾಲೆಗೆ, ಅಲ್ಲಿಂದ ಎದೆಮೂಳೆಯ ಕೆಳತುದಿಗೆ ಅಳೆದು, ಆ ಜಾಗಕ್ಕೆ ಟೇಪ್ ಸುತ್ತಿ. ಮೂಗಿನಿಂದ ಟೇಪಿನವರೆಗೆ ಇಳಿಸಿ, ಸಿರಿಂಜ್‌ನಿಂದ ನಿಧಾನ ಎಳೆಯಿರಿ. ಮಗು ಒಂದೇ ಸಮನೆ ಕೆಮ್ಮಿದರೆ, ಅಳುವ ದನಿ ಅಡಗಿದರೆ, ತುಟಿ ನೀಲಿಯಾದರೆ ಟ್ಯೂಬ್ ಶ್ವಾಸನಾಳ ಹೊಕ್ಕಿದೆ, ತಕ್ಷಣ ಹೊರಗೆಳೆಯಿರಿ.

ಬಂದ ರಸ ನೀಲಿ ಲಿಟ್ಮಸ್ ಕಾಗದವನ್ನು ಕೆಂಪಾಗಿಸಿದರೆ ಜಾಗ ಸರಿ. ಏನೂ ಬರದಿದ್ದರೆ ಮಗುವನ್ನು ಮಗ್ಗುಲು ಬದಲಿಸಿ, ಟ್ಯೂಬನ್ನು ಚೂರು ಹಿಂದೆ ಮುಂದೆ ಸರಿಸಿ ನೋಡಿ. ಆಗಲೂ ಬಾರದಿದ್ದರೆ 3ರಿಂದ 5 ಮಿ.ಲೀ. ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಕೇಳಿ. ಜಾಗ ಖಚಿತವಾದ ಮೇಲಷ್ಟೇ 5ರಿಂದ 10 ಮಿ.ಲೀ. ಸ್ಟೆರೈಲ್ ಸಲೈನ್ ಬಿಟ್ಟು ಮತ್ತೆ ಎಳೆಯಿರಿ. ನಲ್ಲಿ ನೀರು ಬೇಡವೇ ಬೇಡ: ಅದರಲ್ಲಿ ಕ್ಷಯಾಣುವಿನ ಜಾತಿಯ ಬೇರೆ ಬ್ಯಾಕ್ಟೀರಿಯಾ ಇದ್ದು ವರದಿ ಕೆಡುತ್ತದೆ. ಒಟ್ಟು 5ರಿಂದ 10 ಮಿ.ಲೀ. ಸಿಗಬೇಕು.

ಜಠರದ ಆಮ್ಲ ರೋಗಾಣುವನ್ನು ಕೊಲ್ಲುತ್ತದೆ. ನಾಲ್ಕು ಗಂಟೆಯೊಳಗೆ ಪ್ರಯೋಗಾಲಯ ಮುಟ್ಟಿಸಲು ಆಗದಿದ್ದರೆ, ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್‌ಗೆ ಕಳಿಸುವುದಾದರಂತೂ, ರಸದಷ್ಟೇ ಪ್ರಮಾಣದ ಸೋಡಿಯಂ ಬೈಕಾರ್ಬೊನೇಟ್ ದ್ರಾವಣ ಸೇರಿಸಿ ಫ್ರಿಜ್‌ನಲ್ಲಿಡಿ. ಹೆಸರು, ವೇಳೆಗಳನ್ನು ಮುಚ್ಚಳದ ಮೇಲಲ್ಲ, ಡಬ್ಬಿಯ ಮೈಮೇಲೆ ಬರೆಯಿರಿ.

ಟ್ಯೂಬ್ ಹಾಕಿ ಪಳಗಿದವರಿಲ್ಲದ ಕಡೆ ಮಲದ ಸ್ಯಾಂಪಲ್ಲೇ ಮೇಲು. ನುಂಗಿದ ಕಫ ಕೊನೆಗೆ ಅಲ್ಲಿಗೇ ಬರುತ್ತದೆ. ಎಕ್ಸ್‌ಪರ್ಟ್ ಎಂಬ, ಕ್ಷಯಾಣುವಿನ ಡಿಎನ್‌ಎ ಪತ್ತೆ ಮಾಡುವ ಯಂತ್ರದ ಕಿಟ್‌ನಲ್ಲೇ ಇರುವ 8 ಮಿ.ಲೀ. ದ್ರಾವಣದ ಬಾಟಲಿಗೆ ಸುಮಾರು 0.8 ಗ್ರಾಂ ಮಲ ಹಾಕಿ ಜೋರಾಗಿ ಕುಲುಕಿ, 10 ನಿಮಿಷ ಬಿಡಿ. ಮತ್ತೆ ಕುಲುಕಿ, ಮತ್ತೆ 10 ನಿಮಿಷ. ತಳದ ಗಸಿ ಕಲಕದಂತೆ ಮೇಲಿನ 2 ಮಿ.ಲೀ. ತಿಳಿಯನ್ನು ಯಂತ್ರದೊಳಗೆ ಇಡುವ ಕಾರ್ಟ್ರಿಜ್‌ಗೆ ಹಾಕಿ. ಜಾಸ್ತಿ ಹಾಕಿದರೆ ಒಳ್ಳೆಯದೆಂದು ಚಮಚಗಟ್ಟಲೆ ತುಂಬಿದರೆ ಕಾರ್ಟ್ರಿಜ್ ಕಟ್ಟಿಕೊಂಡು ‘ಎರರ್’ ಬರುತ್ತದೆ.

ಹಂತ 4: ನಿರ್ಧರಿಸಿ

ಪಾಸಿಟಿವ್ ಬಂದರೆ ಚಿಕಿತ್ಸೆ. ನೆಗೆಟಿವ್ ಬಂದರೆ, ಲಕ್ಷಣಗಳಿರುವ ಮಗುವಿಗೆ ಹೋದ ವರ್ಷದಲ್ಲಿ ಕ್ಷಯರೋಗಿಯ ನಿಕಟ ಸಂಪರ್ಕವಿತ್ತೇ ನೋಡಿ. ಇದ್ದರೆ ಚಿಕಿತ್ಸೆ ಶುರು ಮಾಡಿ. ಸಂಪರ್ಕವೂ ಇಲ್ಲದಿದ್ದರೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹತ್ತು ವರ್ಷದೊಳಗಿನವರಿಗೆ ಕೊಟ್ಟ, ಲಕ್ಷಣಗಳಿಗೆ ಅಂಕ ಹಾಕುವ ಪಟ್ಟಿ ಬಳಸಿ. ಎಕ್ಸ್‌-ರೇ ಇಲ್ಲದ ಕಡೆಯ ಪಟ್ಟಿಯಲ್ಲಿ ದೀರ್ಘ ಜ್ವರಕ್ಕೆ 10, ದೀರ್ಘ ಕೆಮ್ಮಿಗೆ 5. ಮೊತ್ತ 10 ದಾಟಿದರೆ ಚಿಕಿತ್ಸೆ. ಎರಡು ವರ್ಷದೊಳಗಿನ, ಎಚ್‌ಐವಿ ಇರುವ ಅಥವಾ ತೀವ್ರ ಅಪೌಷ್ಟಿಕತೆಯ ಮಗುವಿನ ವಿಷಯದಲ್ಲಿ ‘ಇನ್ನೆರಡು ವಾರ ನೋಡೋಣ’ ಎನ್ನಬೇಡಿ. ಉಳಿದವರಿಗೆ ಮೊದಲು ಸಾಮಾನ್ಯ ಆ್ಯಂಟಿಬಯೋಟಿಕ್ ಕೊಟ್ಟು ನೋಡಬಹುದು, ಆದರೆ ಲೆವೊಫ್ಲಾಕ್ಸಸಿನ್ ಗುಂಪಿನದ್ದು ಬೇಡ. ಅದು ಕ್ಷಯವನ್ನು ಅರೆಬರೆ ಅದುಮಿ ಪತ್ತೆಯನ್ನು ತಡಮಾಡುತ್ತದೆ.

ಹಂತ 5: ತೂಕವೇ ವರದಿ

ಚಿಕಿತ್ಸೆ ಶುರುವಾದ ಎರಡು ವಾರಕ್ಕೆ, ತಿಂಗಳಿಗೆ, ಎರಡು ತಿಂಗಳಿಗೆ, ಆಮೇಲೆ ಪ್ರತಿ ತಿಂಗಳೂ ತೂಗಿ. ಅದೇ ತಕ್ಕಡಿ, ಸೊನ್ನೆಗೆ ತಂದು, ಬಟ್ಟೆ ಬಿಚ್ಚಿಸಿ, 100 ಗ್ರಾಂವರೆಗೆ ನಿಖರವಾಗಿ. ಅಂಕಿ ಬರೆದಿಟ್ಟರೆ ಸಾಲದು, ಡೋಸ್ ನೋಡಬೇಕು. ನೀರಿನಲ್ಲಿ ಕರಗುವ ಮಕ್ಕಳ ಸಂಯುಕ್ತ ಮಾತ್ರೆ (ಹಲವು ಕ್ಷಯ ಔಷಧಗಳು ಒಂದರಲ್ಲೇ ಇರುವುದು) 4 ಕಿಲೋದಿಂದ 8ರೊಳಗೆ ದಿನಕ್ಕೆ ಒಂದು, 8ರಿಂದ 12ರೊಳಗೆ ಎರಡು, 12ರಿಂದ 16ರೊಳಗೆ ಮೂರು, 16ರಿಂದ 25ರೊಳಗೆ ನಾಲ್ಕು. 7.4 ಕಿಲೋ ಇದ್ದ ಮಗು ಚೇತರಿಸಿಕೊಂಡು 8.1 ಆದ ದಿನವೇ ಒಂದು ಮಾತ್ರೆ ಎರಡಾಗಬೇಕು. ಹಳೆಯ ಚೀಟಿ ನೋಡಿ ಒಂದನ್ನೇ ಮುಂದುವರಿಸಿದರೆ ಮಗು ಬೆಳೆದಂತೆಲ್ಲ ಔಷಧ ಸಾಲದಾಗುತ್ತದೆ.

ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗುವುದು ಸಹಜ, ಮನೆಯವರಿಗೆ ಮೊದಲೇ ತಿಳಿಸಿ. ಕಣ್ಣು ಹಳದಿಯಾದರೆ, ವಾಂತಿ ನಿಲ್ಲದಿದ್ದರೆ ಮಾತ್ರೆ ನಿಲ್ಲಿಸಿ ಅಂದೇ ವೈದ್ಯರಿಗೆ ತೋರಿಸಿ. ಎರಡು ತಿಂಗಳಾದರೂ ತೂಕ ಏರದಿದ್ದರೆ ಮೊದಲು ಉಳಿದ ಮಾತ್ರೆ ಎಣಿಸಿ, ಆಮೇಲೆ ಡೋಸ್ ಲೆಕ್ಕ ಹಾಕಿ. ಎರಡೂ ಸರಿಯಿದ್ದರೆ ಹೊಸ ಸ್ಯಾಂಪಲ್ ತೆಗೆದು ಔಷಧ ನಿರೋಧಕ ಕ್ಷಯದ ಪರೀಕ್ಷೆಗೆ ಕಳಿಸಿ. ಮಗು ಚೆನ್ನಾಗಿ ತೂಕ ಹಾಕಿಕೊಳ್ಳುತ್ತಿದ್ದರೆ ಮತ್ತೆ ಮತ್ತೆ ಎಕ್ಸ್‌-ರೇ ತೆಗೆಸಬೇಡಿ. ಎದೆಯೊಳಗಿನ ಗ್ರಂಥಿಗಳ ನೆರಳು ಚಿಕಿತ್ಸೆ ಮುಗಿದ ಮೇಲೂ ಉಳಿಯಬಹುದು, ಆ ಕಾರಣಕ್ಕೆ ಮಾತ್ರೆಯನ್ನು ಮುಂದುವರಿಸಬೇಕಿಲ್ಲ.