ಮೊದಲು ಕೇಳುವ ಮಾತು: "ಯಾವಾಗ ಕಿತ್ತಿದ್ದು?"

ಮೊದಲ ಸಲ ರಸ್ತೆ ಬದಿಯ ರೈತರ ಅಂಗಡಿಯಿಂದ ತರಕಾರಿ ತಂದಾಗ ನನಗೆ ಬೇಸರವೇ ಆಯಿತು. ಸಿಹಿ ಜೋಳ, ಎರಡು ಕಟ್ಟು ಸೊಪ್ಪು, ಒಂದಷ್ಟು ಟೊಮೇಟೊ ತಗೊಂಡೆ. ಎಲ್ಲವನ್ನೂ ಕಾರಿನ ಡಿಕ್ಕಿಯಲ್ಲಿಟ್ಟು, ಬಿಸಿಲಲ್ಲಿ ಇನ್ನೆರಡು ಕೆಲಸ ಮುಗಿಸಿಕೊಂಡು ಮನೆಗೆ ಬಂದೆ. ಅಷ್ಟರಲ್ಲಿ ಸೊಪ್ಪು ಬಾಡಿ ಜೋತುಬಿದ್ದಿತ್ತು. ಜೋಳವನ್ನು ಎರಡು ದಿನ ಅಡುಗೆಮನೆಯಲ್ಲಿ ಹಾಗೇ ಬಿಟ್ಟು ಆಮೇಲೆ ಬೇಯಿಸಿದೆ. ಸಪ್ಪೆ, ಬಾಯಿಗಿಟ್ಟರೆ ಹಿಟ್ಟು ಹಿಟ್ಟು.

ಮುಂದಿನ ವಾರ ಅಲ್ಲಿಗೇ ಹೋಗಿ ವಿಷಯ ಹೇಳಿದೆ. ಅಂಗಡಿಯಲ್ಲಿದ್ದ ಅಜ್ಜಿ ಕೇಳಿದ್ದು ಒಂದೇ ಮಾತು. "ಕಿತ್ತು ಎಷ್ಟು ಹೊತ್ತಿಗೆ ಬೇಯಿಸಿದೆಯಮ್ಮಾ?"

ಆಗಿನಿಂದ ನನಗೆ ಇದರ ಮೇಲೆ ಆಸಕ್ತಿ ಹುಟ್ಟಿತು. ತೆನೆ ಮುರಿದ ಕೂಡಲೇ ಜೋಳದ ಕಾಳಿನೊಳಗಿನ ಸಕ್ಕರೆ ಪಿಷ್ಟವಾಗಲು ಶುರುವಾಗುತ್ತದೆ. ಸೆಕೆ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ಹಳೆಯ ತಳಿಯ ಸಿಹಿ ಜೋಳ 30 ಡಿಗ್ರಿ ಬಿಸಿಯಲ್ಲಿ ಒಂದೇ ದಿನಕ್ಕೆ ಸುಮಾರು ಅರ್ಧ ಸಿಹಿ ಕಳೆದುಕೊಳ್ಳುತ್ತದೆ. ಈಗ ಬರುವ ಹೆಚ್ಚು ಸಿಹಿಯ ತಳಿಗಳು ಇನ್ನಷ್ಟು ದಿನ ತಡೆಯುತ್ತವೆ. ಅದಕ್ಕೇ ನಾನು ಯಾವಾಗ ಕಿತ್ತಿದ್ದು ಅಂತ ಕೇಳಿದ ಮೇಲೆ ಯಾವ ತಳಿ ಅಂತಲೂ ಕೇಳುತ್ತೇನೆ. ತಾವೇ ಬೆಳೆದವರು ಎರಡಕ್ಕೂ ಥಟ್ ಅಂತ ಉತ್ತರ ಕೊಡುತ್ತಾರೆ. ಎಷ್ಟೋ ಸಲ ಕೇಳಿದ್ದಕ್ಕಿಂತ ಜಾಸ್ತಿಯೇ ಹೇಳುತ್ತಾರೆ. ಆ ಮಾತು ಕೇಳುವುದೇ ನನಗೆ ಖುಷಿ.

ರಸ್ತೆ ಬದಿಯಲ್ಲಿ ಕೂತವರೆಲ್ಲ ಬೆಳೆದವರಲ್ಲ. ಸಗಟು ಮಾರುಕಟ್ಟೆಯಿಂದ ತಂದು ಮಾರುವವರೂ ಇರುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ಆದರೆ ನಾನು ಹುಡುಕಿಕೊಂಡು ಹೋಗುವುದು ಅದನ್ನಲ್ಲ. ಇಪ್ಪತ್ತು ಬಗೆಯ ತರಕಾರಿ, ಒಂದೇ ಅಳತೆಯ ಕಾಯಿಗಳು, ಆ ಕಾಲದಲ್ಲಿ ಸುತ್ತಮುತ್ತ ಬೆಳೆಯದ ಹಣ್ಣು, ಹಣ್ಣಿನ ಮೇಲೆ ಸ್ಟಿಕ್ಕರ್ ಕಂಡರೆ ಮುಂದೆ ಹೋಗುತ್ತೇನೆ. ನಾಲ್ಕೈದೇ ಬಗೆ ಇದ್ದು, ಮೂಲಂಗಿಗೆ ಇನ್ನೂ ಮಣ್ಣು ಮೆತ್ತಿಕೊಂಡಿದ್ದು, ಕಾಯಿಗಳು ದೊಡ್ಡದು ಚಿಕ್ಕದು ಸೇರಿಕೊಂಡಿದ್ದರೆ ಗಾಡಿ ನಿಲ್ಲಿಸುತ್ತೇನೆ.

ಹೋಗುವುದು ಬೆಳಗ್ಗೆಯೇ. ರಾತ್ರಿಯೆಲ್ಲ ಗಿಡ ನೀರು ಕುಡಿದು ತಂಪಾಗಿರುತ್ತದೆ. ಆಗ ಕಿತ್ತ ಸೊಪ್ಪು ಗರಿಗರಿಯಾಗಿರುತ್ತದೆ, ಹೆಚ್ಚು ಹೊತ್ತು ತಡೆಯುತ್ತದೆ. ಮಧ್ಯಾಹ್ನ ಕಿತ್ತದ್ದು ಹೊಲದ ಬಿಸಿಯನ್ನು ಹೊತ್ತುಕೊಂಡೇ ಬರುತ್ತದೆ. ಕಿತ್ತ ಮೇಲೂ ಸೊಪ್ಪು, ಕಾಯಿ ಉಸಿರಾಡುತ್ತಲೇ ಇರುತ್ತವೆ. ಬಿಸಿ ಇದ್ದಷ್ಟೂ ಉಸಿರು ಜೋರು, ಬಾಡುವುದೂ ಬೇಗ. ಈಗ ಡಿಕ್ಕಿಯಲ್ಲಿ ಒಂದು ದಪ್ಪ ಪೆಟ್ಟಿಗೆ, ಒದ್ದೆ ಬಟ್ಟೆ ಇಟ್ಟಿರುತ್ತೇನೆ. ಬೇರೆ ಕೆಲಸಗಳನ್ನು ಮೊದಲೇ ಮುಗಿಸಿ, ಕೊನೆಗೆ ತರಕಾರಿ ತಗೊಂಡು ನೇರ ಮನೆಗೆ. ಚೀಲ, ಚಿಲ್ಲರೆ ಎರಡನ್ನೂ ನಾನೇ ಒಯ್ಯುತ್ತೇನೆ.

ಪಟ್ಟಿ ಮಾತ್ರ ಒಯ್ಯುವುದಿಲ್ಲ. ಇದು ರೂಢಿಯಾಗಲು ನನಗೆ ತುಂಬಾ ದಿನ ಹಿಡಿಯಿತು. ಮೊದಲೆಲ್ಲ ಬೀನ್ಸ್ ಬೇಕು ಅಂತ ಬರೆದುಕೊಂಡು ಹೋಗಿ, ನಾರು ಕಟ್ಟಿದ ಬೀನ್ಸನ್ನೇ ತರುತ್ತಿದ್ದೆ. ಪಕ್ಕದಲ್ಲೇ ಎಳೆ ಸೌತೆ ಇದ್ದರೂ ಕಣ್ಣಿಗೆ ಬೀಳುತ್ತಿರಲಿಲ್ಲ. ಈಗ ಅಂದು ಬೆಳಗ್ಗೆ ಕಿತ್ತದ್ದು ಯಾವುದೋ ಅದನ್ನು ತಂದು, ಅಡುಗೆ ಏನು ಅಂತ ಆಮೇಲೆ ಯೋಚಿಸುತ್ತೇನೆ. ಬೆಂಡೆಕಾಯಿ ತುದಿ ಮುರಿದು ನೋಡುವ ಅಭ್ಯಾಸವನ್ನೂ ಬಿಟ್ಟೆ. ನಾನು ಮುರಿದು ಬಿಟ್ಟ ಕಾಯಿಯನ್ನು ಆಮೇಲೆ ಯಾರೂ ಕೊಳ್ಳುವುದಿಲ್ಲ, ನಷ್ಟ ಅವರಿಗೆ ಅಲ್ವಾ? ಎಳೆಯದು ಯಾವುದು ಅಂತ ಅವರನ್ನೇ ಕೇಳಿದರೆ ಆರಿಸಿ ಕೊಡುತ್ತಾರೆ.

ಟೊಮೇಟೊ ಬಗ್ಗೆ ಸ್ವಲ್ಪ ಹೇಳಲೇಬೇಕು. ದೂರ ಕಳಿಸುವವರು ಅದನ್ನು ಗಟ್ಟಿಯಿರುವಾಗಲೇ, ಬಣ್ಣ ತಿರುಗುವ ಹೊತ್ತಿಗೇ ಕೀಳುತ್ತಾರೆ. ಹತ್ತಿರದಲ್ಲೇ ಮಾರುವವರು ಗಿಡದಲ್ಲೇ ಹಣ್ಣಾಗಲು ಬಿಡಬಹುದು. ಅಂಥ ಹಣ್ಣಿನ ತೊಟ್ಟಿನ ಹತ್ತಿರ ಮೂಗಿಟ್ಟರೆ ಘಮ್ ಅನ್ನುತ್ತದೆ. ಅದನ್ನು ಫ್ರಿಜ್‌ಗೆ ತುರುಕಬೇಡಿ. ಸುಮಾರು 12 ಡಿಗ್ರಿಗಿಂತ ತಣ್ಣಗಾದರೆ ಪರಿಮಳ ಹೋಗುತ್ತದೆ. ನಾನು ತೊಟ್ಟಿನ ಕಡೆ ಕೆಳಗೆ ಮಾಡಿ ನೆರಳಲ್ಲಿಡುತ್ತೇನೆ. ತೀರಾ ಮೆತ್ತಗಾಗಿ ಒಡೆದಿದ್ದರೆ ಅಂದೇ ಬೇಯಿಸಿಬಿಡುತ್ತೇನೆ.

ಮನೆಗೆ ಬಂದ ತಕ್ಷಣ ಕ್ಯಾರೆಟ್, ಮೂಲಂಗಿಯ ಸೊಪ್ಪನ್ನು ಕತ್ತರಿಸಿ ಬೇರೆ ಇಡುತ್ತೇನೆ. ಬಿಟ್ಟರೆ ಅದು ಗೆಡ್ಡೆಯ ನೀರನ್ನೆಲ್ಲ ಹೀರಿ ಮೆತ್ತಗೆ ಮಾಡುತ್ತದೆ. ಹಣ್ಣಾದ ಟೊಮೇಟೊ ಹತ್ತಿರ ಸೌತೆ, ಸೊಪ್ಪು ಇಡುವುದಿಲ್ಲ. ಹಣ್ಣು ಬಿಡುವ ಎಥಿಲೀನ್ ಅನಿಲಕ್ಕೆ ಅವು ಬೇಗ ಹಳದಿಯಾಗುತ್ತವೆ. ಜೋಳ ಇದ್ದರೆ ಬೇರೆ ಮಾತೇ ಇಲ್ಲ, ಅಂದೇ ಒಲೆ ಮೇಲೆ.

ಈಗ ನಾನು ಬಾಯಿ ತೆರೆಯುವ ಮೊದಲೇ ಆ ಅಜ್ಜಿ ಕೈ ಅಡ್ಡ ಮಾಡುತ್ತಾರೆ. "ಬೀನ್ಸ್ ನಿನ್ನೆ ಸಂಜೆಯದು, ನಿನಗೆ ಬೇಡ. ಬೆಂಡೆ ಈಗಷ್ಟೇ ಕಿತ್ತಿದ್ದು, ತಗೋ."