ರಿಟೈರ್ಮೆಂಟ್‌ಗೆ ಎಷ್ಟು ದುಡ್ಡು ಬೇಕು, ಪಾಸ್‌ಬುಕ್ ಹಿಡ್ಕೊಂಡು ಲೆಕ್ಕ ಹಾಕಿ

ರಿಟೈರ್ ಆದ್ಮೇಲೆ ಎಷ್ಟು ಬೇಕು ಅಂತ ನೋಡೋಕೆ ತಿಂಗಳ ಖರ್ಚನ್ನ 12ರಿಂದ ಗುಣಿಸ್ಬೇಡಿ, ಹಿಂದಿನ 12 ತಿಂಗಳ ಬ್ಯಾಂಕ್ ಸ್ಟೇಟ್ಮೆಂಟ್ ತೆಗೆದು ಅಕೌಂಟಿಂದ ಆಚೆ ಹೋಗಿರೋ ಅಷ್ಟೂ ದುಡ್ಡು ಕೂಡಿಸಿ, ಅದ್ರಲ್ಲಿ ಇಎಂಐ, ಮಕ್ಕಳ ಫೀಸು, ಎಸ್‌ಐಪಿ ಎಫ್‌ಡಿಗೆ ಹಾಕಿದ್ದು ಮಾತ್ರ ಕಳೀರಿ. ಯಾಕಂದ್ರೆ ತಿಂಗಳಿಗೆ 40 ಸಾವಿರ ಸಾಕು ಅನ್ನೋರಿಗೆ ಗಾಡಿ ಇನ್ಶೂರೆನ್ಸು, ಮನೆ ಕಂದಾಯ, ಮದುವೆ ಮುಯ್ಯಿ, ಕೆಟ್ಟ ಗೀಸರ್ರು ಇವ್ಯಾವೂ ನೆನಪಿರಲ್ಲ, ಸ್ಟೇಟ್ಮೆಂಟಲ್ಲಿ ಎಲ್ಲಾ ಇರತ್ತೆ. ಆಮೇಲೆ ಬೆಲೆ ಏರಿಕೆ 6% ಅಂತ ಇಟ್ಕೊಂಡ್ರೆ ಪ್ರತಿ 12 ವರ್ಷಕ್ಕೆ ಖರ್ಚು ಡಬಲ್ (ಎಷ್ಟು ವರ್ಷಕ್ಕೆ ಡಬಲ್ ಅಂತ ನೋಡೋಕೆ 72ನ್ನ ಏರಿಕೆಯ 6ರಿಂದ ಭಾಗಿಸಿ, ಅಷ್ಟೇ). ಈಗ 48 ವಯಸ್ಸು, ವರ್ಷಕ್ಕೆ 6 ಲಕ್ಷ ಖರ್ಚು ಅಂದ್ರೆ 60ಕ್ಕೆ 12 ಲಕ್ಷ, 90ರವರೆಗೂ ಅಂದ್ರೆ 30 ಪಟ್ಟು, 3.6 ಕೋಟಿ. ಎದೆ ಧಸಕ್ ಅನ್ನತ್ತೆ, ಆದ್ರೆ ಪೆನ್ಶನ್ನು, ಬಾಡಿಗೆ ಬರೋರು ಅದನ್ನ ಮೊದ್ಲೇ 12 ಲಕ್ಷದಿಂದ ಕಳೆದು ಆಮೇಲೆ ಗುಣಿಸಿ. ಈ 30 ಪಟ್ಟಿನ ಲೆಕ್ಕ, ಟ್ಯಾಕ್ಸ್ ಕಳೆದು ಬರೋ ಬಡ್ಡಿ ಬೆಲೆ ಏರಿಕೆಗೆ ಸರಿಸಮ ಇದ್ರೆ ಮಾತ್ರ ನಿಲ್ಲತ್ತೆ, ಬರೀ ಎಸ್‌ಬಿ ಅಕೌಂಟಲ್ಲಿ ಇಟ್ರೆ 90 ತಲುಪಲ್ಲ. ಇಪಿಎಫ್‌ಒ (ಪಿಎಫ್ ಆಫೀಸು) ಪೆನ್ಶನ್‌ಗೆ ಡಿಎ (ಬೆಲೆ ಏರಿದಂಗೆ ಏರೋ ಭತ್ಯೆ) ಇಲ್ಲ, ಅಷ್ಟೇ ಇರತ್ತೆ, ಅದನ್ನ ನಂಬಿ ಜಾಸ್ತಿ ಕಳೀಬೇಡಿ. ಕಂಪನಿ ಕೊಟ್ಟಿರೋ ಹೆಲ್ತ್ ಇನ್ಶೂರೆನ್ಸ್ ಸಾಮಾನ್ಯವಾಗಿ ಕೆಲಸದ ಜೊತೇಲೇ ಹೋಗತ್ತೆ, ಸ್ಟೇಟ್ಮೆಂಟಲ್ಲಿ ಅದು ಕಾಣಲ್ಲ, ಹಾಗಾಗಿ 60 ದಾಟಿದೋರ ಪ್ರೀಮಿಯಂ ಎಷ್ಟಿದೆ ಅಂತ ಇವತ್ತೇ ಕೇಳಿ ಸೇರಿಸಿಕೊಳ್ಳಿ. ಮನೆ ನಡೆಯೋದು ಹೆಂಡ್ತಿ ಅಥ್ವಾ ಗಂಡನ ಅಕೌಂಟಿಂದನೂ ಆದ್ರೆ ಎರಡೂ ಸ್ಟೇಟ್ಮೆಂಟ್ ಬೇಕು, ಒಂದರಿಂದ ಇನ್ನೊಂದಕ್ಕೆ ಹಾಕಿದ್ದನ್ನ ಎರಡು ಸಲ ಎಣಿಸ್ಬೇಡಿ.