ನಾಯಿಗೆ ಹಸಿ ಮಾಂಸದ ಊಟ: ಮೂಳೆ ಮತ್ತು ಫ್ರೀಜರ್ ಸರಿಯಿದ್ದರೆ ಮಾತ್ರ ಶುರು ಮಾಡಿ

ಕಾರವಾರದ ಚಿಕನ್ ಅಂಗಡಿಗಳಲ್ಲಿ 'ನಾಯಿಗೆ ಒಂದು ಕೆಜಿ ವೇಸ್ಟ್ ಕೊಡಿ' ಎಂದು ಕೇಳುವವರು ದಿನವೂ ಸಿಗುತ್ತಾರೆ. ಚರ್ಮ, ಕರುಳು, ತಲೆ, ಒಂದಿಷ್ಟು ಪುಕ್ಕ ಎಲ್ಲ ಸೇರಿದ ಆ ಕವರ್ ಸ್ಕೂಟರಿನ ಹ್ಯಾಂಡಲ್ಲಿಗೆ ನೇತಾಡುತ್ತಾ ಬಿಸಿಲಲ್ಲೇ ಮನೆ ಸೇರುತ್ತದೆ. ಹಾಗೇ ನಾಯಿಯ ತಟ್ಟೆಗೆ ಬೀಳುತ್ತದೆ. ಎರಡೇ ದಿನಕ್ಕೆ ಭೇದಿ ಶುರು. ಆಮೇಲೆ ಪಶು ಆಸ್ಪತ್ರೆ, ಇಂಜೆಕ್ಷನ್. ಕೊನೆಗೆ 'ನಮ್ಮ ನಾಯಿಗೆ ಹಸಿ ಮಾಂಸ ಆಗಿಬರೋದಿಲ್ಲ' ಎಂಬ ತೀರ್ಮಾನ. ಪಾಪ, ಆ ನಾಯಿಗೆ ಸಿಕ್ಕಿದ್ದು ಕಸ, ಊಟ ಸಿಗಲೇ ಇಲ್ಲ.

ನಾಯಿಗೆ ಹಸಿ ಮಾಂಸ, ಹಸಿ ಮೂಳೆ ಕೊಡುವ ಪದ್ಧತಿಯನ್ನು 1993ರಿಂದೀಚೆಗೆ ಜನಪ್ರಿಯ ಮಾಡಿದವರು ಆಸ್ಟ್ರೇಲಿಯಾದ ಪಶುವೈದ್ಯ ಇಯಾನ್ ಬಿಲ್ಲಿಂಗ್‌ಹರ್ಸ್ಟ್. ಇದನ್ನು ಒಪ್ಪದ ವೈದ್ಯರೂ ಬಹಳ ಜನ ಇದ್ದಾರೆ. ಅಮೆರಿಕದ ಪಶುವೈದ್ಯರ ಸಂಘ 2012ರಲ್ಲೇ ಹಸಿ ಮಾಂಸ ಬೇಡ ಎಂಬ ನಿಲುವು ತೆಗೆದುಕೊಂಡಿತು. ಸಾಲ್ಮೊನೆಲ್ಲಾ, ಇ. ಕೋಲಿ, ಲಿಸ್ಟೀರಿಯಾದಂಥ ಬ್ಯಾಕ್ಟೀರಿಯಾ ಮಾಂಸದಿಂದ ನಾಯಿಗೆ, ನಾಯಿಯಿಂದ ಮನೆಯವರಿಗೆ ಬರಬಹುದು ಎನ್ನುವುದು ಅವರ ಮುಖ್ಯ ತಕರಾರು. ಅದು ನಿಜವಾದ ತಕರಾರು. ನಾಯಿ ಆರಾಮಾಗಿ ಓಡಾಡಿಕೊಂಡಿದ್ದರೂ ಅದರ ಮಲದಲ್ಲಿ ಸಾಲ್ಮೊನೆಲ್ಲಾ ಹೊರಬೀಳುತ್ತಿರಬಹುದು.

ಹಾಗಾಗಿ ಮೊದಲು ಮನೆ ನೋಡಿಕೊಳ್ಳಿ. ಎಳೆ ಮಗು, ಬಸುರಿ, ತೀರಾ ವಯಸ್ಸಾದವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರು ಇರುವ ಮನೆಗೆ ಇದು ಬೇಡವೇ ಬೇಡ. ಮೇದೋಜೀರಕ ಗ್ರಂಥಿ, ಕಿಡ್ನಿ, ಲಿವರ್ ತೊಂದರೆ ಇರುವ ನಾಯಿಗೂ ಬೇಡ. ಒಂದು ವರ್ಷ ತುಂಬದ ಮರಿಗೆ ಮನೆಯಲ್ಲಿ ಅಂದಾಜಿನ ಮೇಲೆ ಶುರು ಮಾಡಬೇಡಿ. ಕ್ಯಾಲ್ಸಿಯಂ, ಫಾಸ್ಫರಸ್ ಲೆಕ್ಕ ತಪ್ಪಿದರೆ ಬೆಳೆಯುವ ಮರಿಯ ಕಾಲು ಸೊಟ್ಟಗಾಗುತ್ತದೆ. ಶಿರಸಿ, ಸಿದ್ದಾಪುರದ ಕಡೆ ಅಡುಗೆಮನೆಗೆ ಮಾಂಸ ತರದ ಮನೆಗಳು ಬೇಕಷ್ಟಿವೆ. ಅಲ್ಲಿ ನಾಯಿಗೋಸ್ಕರ ಕೊಟ್ಟಿಗೆಯ ಮೂಲೆಯಲ್ಲಿ ಮಾಂಸ ಕೊಚ್ಚಿ, ಬಚ್ಚಲ ನೀರಲ್ಲಿ ತೊಳೆದು ಕೊಡುವುದನ್ನು ಕಂಡಿದ್ದೇನೆ. ಅದಕ್ಕಿಂತ ಅನ್ನದ ಜೊತೆ ಬೇಯಿಸಿದ ಮೊಟ್ಟೆ ಎಷ್ಟೋ ಮೇಲು.

ಲೆಕ್ಕ

ಬೆಳೆದ ನಾಯಿಗೆ ದಿನಕ್ಕೆ ಅದರ ತೂಕದ ಶೇ 2ರಿಂದ 3ರಷ್ಟು ಊಟ. ಅದರಲ್ಲಿ ಶೇ 80 ಮಾಂಸ, ಶೇ 10 ತಿನ್ನಬಹುದಾದ ಹಸಿ ಮೂಳೆ, ಶೇ 5 ಲಿವರ್, ಉಳಿದ ಶೇ 5 ಕಿಡ್ನಿಯಂಥ ಬೇರೆ ಅಂಗ. ಹೃದಯ ಮತ್ತು ಗಿಜಾರ್ಡ್ (ಕೋಳಿ ಕಾಳು ಅರೆಯುವ ಹೊಟ್ಟೆ) ಮಾಂಸದ ಲೆಕ್ಕಕ್ಕೇ ಸೇರುತ್ತವೆ.

10 ಕೆಜಿ ನಾಯಿ ಎಂದುಕೊಳ್ಳಿ. ಶೇ 2.5ರ ಲೆಕ್ಕದಲ್ಲಿ ದಿನಕ್ಕೆ 250 ಗ್ರಾಂ. ಮೂಳೆ 25 ಗ್ರಾಂ ಬೇಕು. ಕೋಳಿ ರೆಕ್ಕೆಯಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮೂಳೆಯೇ ಇರುತ್ತದೆ, ಹಾಗಾಗಿ ಸುಮಾರು 55 ಗ್ರಾಂ ರೆಕ್ಕೆ ಸಾಕು. ಮೇಲೆ 170 ಗ್ರಾಂ ಮೂಳೆಯಿಲ್ಲದ ಮಾಂಸ, 25 ಗ್ರಾಂ ಅಂಗಾಂಗ. ಇಷ್ಟೇ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಒಂದು ತಗೊಳ್ಳಿ, ಕೈ ಅಂದಾಜು ಬೇಡ. ಲಿವರ್ ವಿಷಯದಲ್ಲಂತೂ ಅಂದಾಜು ಮಾಡಲೇಬಾರದು. ಜಾಸ್ತಿಯಾದರೆ ವಿಟಮಿನ್ ಎ ದೇಹದಲ್ಲಿ ಸೇರಿಕೊಂಡು ವಿಷವಾಗುತ್ತದೆ.

ಏನು ತರಬೇಕು

ಶುರುವಿಗೆ ಕೋಳಿ ಒಂದೇ ಸಾಕು. ಅದೂ ಬ್ರಾಯ್ಲರ್. ನಾಟಿ ಕೋಳಿಯೇ ಶ್ರೇಷ್ಠ ಎಂದು ಜಾಸ್ತಿ ದುಡ್ಡು ಕೊಟ್ಟು ತರುವವರಿದ್ದಾರೆ. ಆದರೆ ವಯಸ್ಸಾದ ನಾಟಿ ಕೋಳಿಯ ಮೂಳೆ ಗಟ್ಟಿ. ಬ್ರಾಯ್ಲರ್ ಎಳೆಯದು, ಮೂಳೆ ಮೆತ್ತಗೆ, ಹೊಸದಾಗಿ ಕಲಿಯುವ ನಾಯಿಗೆ ಅದೇ ಸರಿ. ಬೆಳಿಗ್ಗೆ ಅಂಗಡಿ ತೆರೆದ ಹೊತ್ತಿಗೇ ಹೋಗಿ, ನಿಮ್ಮೆದುರು ಕಡಿಸಿಕೊಳ್ಳಿ, ಕರುಳು ಬೇಡ ಎಂದು ಬಾಯಿಬಿಟ್ಟು ಹೇಳಿ. ಐಸ್ ಹಾಕಿದ ಡಬ್ಬಿ ಜೊತೆಗಿರಲಿ.

ಹಸಿ ಹಂದಿಮಾಂಸ ಬೇಡ. ಕುರಿ, ಆಡಿನ ಹಸಿ ಲಿವರ್ ಮತ್ತು ಶ್ವಾಸಕೋಶ ಅದಕ್ಕಿಂತಲೂ ಬೇಡ. ಇದನ್ನು ಸ್ವಲ್ಪ ನಿಂತು ಓದಿ. ಕೆಲವು ಕುರಿ, ಆಡುಗಳ ಲಿವರ್‌ನಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳಿರುತ್ತವೆ. ಅದು ಹೈಡಾಟಿಡ್ ಗಡ್ಡೆ. ನಾಯಿ ಅದನ್ನು ಹಸಿಯಾಗಿ ತಿಂದರೆ ಹೊಟ್ಟೆಯಲ್ಲಿ ಎಕಿನೋಕಾಕಸ್ ಎಂಬ ಲಾಡಿಹುಳು ಆಗುತ್ತದೆ. ಅದರ ಮೊಟ್ಟೆ ನಾಯಿಯ ಮಲದಲ್ಲಿ ಬಂದು, ಮೈಗೆ ಅಂಟಿ, ಮುದ್ದು ಮಾಡುವ ಮಕ್ಕಳ ಕೈಗೆ ಬರುತ್ತದೆ. ಮನುಷ್ಯರ ಲಿವರ್‌ನಲ್ಲಿ ಅದೇ ಗಡ್ಡೆ ವರ್ಷಾನುಗಟ್ಟಲೆ ಸುಳಿವು ಕೊಡದೆ ಬೆಳೆಯುತ್ತದೆ. ಕೋಳಿ ಲಿವರ್‌ನಲ್ಲಿ ಈ ತೊಂದರೆ ಇಲ್ಲ, ಅದನ್ನೇ ಕೊಡಿ. ಆಡಿನ ಕಿಡ್ನಿ ಸಿಕ್ಕಿದರೆ ಬೇಯಿಸಿ ಕೊಡಿ. ಗುಳ್ಳೆಯಿರುವ ಲಿವರನ್ನು ಬೀದಿ ನಾಯಿಗೂ ಎಸೆಯಬೇಡಿ, ಆಳವಾಗಿ ಹೂಳಿ.

ಕರಾವಳಿಯವರು ಮೀನು ಬಿಡುವುದುಂಟೇ? ಬಂಗಡೆ, ತಾರ್ಲೆ (ಬೂತಾಯಿ) ಎರಡರಲ್ಲೂ ಒಮೆಗಾ 3 ಕೊಬ್ಬು ಚೆನ್ನಾಗಿದೆ. ವಾರಕ್ಕೆ ಒಂದೆರಡು ಸಲ ಕೊಡಿ, ಆದರೆ ಹಬೆಯಲ್ಲಿ ಬೇಯಿಸಿ, ಮುಳ್ಳು ಬಿಡಿಸಿ. ಕೆಲವು ಜಾತಿಯ ಹಸಿ ಮೀನಿನಲ್ಲಿ ವಿಟಮಿನ್ ಬಿ1 ಹಾಳು ಮಾಡುವ ಥಯಾಮಿನೇಸ್ ಎಂಬ ಕಿಣ್ವ ಇರುತ್ತದೆ. ಫ್ರೀಜರಿನಲ್ಲಿಟ್ಟರೂ ಅದು ಹೋಗುವುದಿಲ್ಲ, ಬೆಂದರೆ ಮಾತ್ರ ಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧದ ಹೊತ್ತಿನಲ್ಲಿ ಒಣಮೀನು ಕೊಡುವವರಿದ್ದಾರೆ. ಅದರಲ್ಲಿರುವ ಉಪ್ಪು ನಾಯಿಗೆ ಸಲ್ಲ. ಆ ಎರಡು ತಿಂಗಳು ಮೀನಿಲ್ಲದೆ ಇದ್ದರೆ ಏನೂ ಆಗುವುದಿಲ್ಲ. ಇನ್ನು ಬೀಚಿಗೆ ಕರೆದುಕೊಂಡು ಹೋದಾಗ ಬಲೆಯಿಂದ ಬಿಸಾಡಿದ ಮೀನಿಗೆ ಬಾಯಿ ಹಾಕಲು ಬಿಡಬೇಡಿ. ಮೈ ಉಬ್ಬಿಸಿಕೊಳ್ಳುವ ಪಫರ್ ಮೀನು ಅದರಲ್ಲಿ ಇದ್ದರೆ ನಾಯಿಯ ಜೀವಕ್ಕೇ ಸಂಚಕಾರ.

ಮೊದಲ ಹತ್ತು ದಿನ

ಬೆಳಿಗ್ಗೆ ಹಳೆಯ ಊಟ, ಸಂಜೆ ಮೂಳೆಯಿಲ್ಲದ ಹಸಿ ಕೋಳಿ, ಮೊದಲು ಒಂದು ಹಿಡಿ, ಆಮೇಲೆ ದಿನ ದಿನ ಹೆಚ್ಚು. ಮಲ ಗಟ್ಟಿಯಿದ್ದರೆ ಮುಂದೆ ಹೋಗಿ, ಸಡಿಲವಾದರೆ ಅಲ್ಲೇ ನಿಲ್ಲಿ. ಲಿವರ್ ಎರಡನೇ ವಾರಕ್ಕೆ ಇರಲಿ.

ಮೂಳೆ: ಎಲ್ಲರೂ ಎಡವುವುದು ಇಲ್ಲೇ

ಬೇಯಿಸಿದ ಮೂಳೆ ಯಾವತ್ತೂ ಬೇಡ. ಬೆಂದ ಮೂಳೆ ಚೂಪಾಗಿ ಸೀಳುತ್ತದೆ, ಗಂಟಲನ್ನೋ ಕರುಳನ್ನೋ ಚುಚ್ಚುತ್ತದೆ. 'ಹಸಿ ಕೊಡೋಕೆ ಹೆದರಿಕೆ' ಎಂದು ಕುಕ್ಕರಿನಲ್ಲಿ ಒಂದು ಸೀಟಿ ಕೂಗಿಸಿ ಕೊಡುತ್ತಾರಲ್ಲ, ಅದು ಎಲ್ಲಕ್ಕಿಂತ ಅಪಾಯ. ಪೆಟ್ ಅಂಗಡಿಯಲ್ಲಿ ತೂಗುಹಾಕಿರುವ ಹೊಗೆ ಹಿಡಿಸಿದ, ಒಣಗಿಸಿದ ಮೂಳೆಯೂ ಇದೇ ಜಾತಿಯದು. ಅಮೆರಿಕದ ಆಹಾರ, ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಇಂಥ ಮೂಳೆಗಳ ಬಗ್ಗೆಯೇ ಎಚ್ಚರಿಕೆ ಕೊಟ್ಟಿತ್ತು. ಎಷ್ಟು ಚಂದದ ಪ್ಯಾಕೆಟ್ ಇದ್ದರೂ ತರಬೇಡಿ. ದನ, ಎಮ್ಮೆಯ ಕಾಲಿನ ಮೂಳೆ ಹಸಿಯಿದ್ದರೂ ನಾಯಿಯ ಹಲ್ಲು ಮುರಿಯುತ್ತದೆ.

ಮೊದಲ ಸಲಕ್ಕೆ ಸಣ್ಣ ನಾಯಿಗೆ ರೆಕ್ಕೆ ಸರಿ. ಲ್ಯಾಬ್ರಡಾರ್‌ನಂಥ ದೊಡ್ಡ ನಾಯಿಗೆ ಕುತ್ತಿಗೆ, ರೆಕ್ಕೆ ಎರಡೂ ಬೇಡ. ಅಗಿಯದೆ ನುಂಗಿಬಿಡುತ್ತದೆ. ಅದಕ್ಕೆ ಇಡೀ ಕಾಲಿನ ತುಂಡು ಕೊಡಿ. ತುಂಡು ಯಾವಾಗಲೂ ಒಂದೇ ಸಲಕ್ಕೆ ಬಾಯಲ್ಲಿ ಹಿಡಿಸದಷ್ಟು ದೊಡ್ಡದಿರಬೇಕು. ಅಂಗಡಿಯವನು ಪ್ರೀತಿಯಿಂದ ಚಿಕ್ಕ ಚಿಕ್ಕದಾಗಿ ಕಡಿದು ಕೊಡುತ್ತಾನೆ, ಬೇಡ ಎನ್ನಿ.

ರೆಕ್ಕೆಯನ್ನು ಮಣೆಯ ಮೇಲಿಟ್ಟು ಕತ್ತಿಯ ಹಿಂಬದಿಯಿಂದ ಎರಡು ಏಟು ಹಾಕಿ. ಒಂದು ತುದಿಯನ್ನು ನೀವು ಬಿಗಿಯಾಗಿ ಹಿಡಿದುಕೊಂಡು ಇನ್ನೊಂದು ತುದಿಯನ್ನು ನಾಯಿಯ ಬಾಯಿಯ ಪಕ್ಕಕ್ಕೆ, ದವಡೆ ಹಲ್ಲು ಸಿಗುವಂತೆ ಕೊಡಿ. ಮುಂದಿನ ಹಲ್ಲಿಗೆ ಕೊಟ್ಟರೆ ಎಳೆದು ನುಂಗಲು ನೋಡುತ್ತದೆ. ದವಡೆಗೆ ಸಿಕ್ಕಿದರೆ ತಲೆ ಓರೆ ಮಾಡಿ ಅಗಿಯುತ್ತದೆ, ಕರಕರ ಸದ್ದು ಕೇಳಿಸುತ್ತದೆ. ಆ ಸದ್ದು ನಾಲ್ಕೈದು ಸಲ ಕೇಳಿದ ಮೇಲೆ ಕೈಯನ್ನು ಸ್ವಲ್ಪ ಹಿಂದೆ ತನ್ನಿ. ಕೊನೆಯ ತುಂಡು ಬೆರಳುದ್ದ ಉಳಿದಾಗ ನುಂಗುವ ಅವಸರ ಜಾಸ್ತಿ, ಆಗಲೇ ಹಿಡಿತ ಬಿಡಬೇಡಿ. ಬಾಯಿಂದ ಕಿತ್ತುಕೊಳ್ಳುವುದೂ ಬೇಡ. ಬೇಕಾದರೆ ಒಳ್ಳೆಯ ಮಾಂಸದ ಚೂರು ತೋರಿಸಿ ಬದಲಿ ಮಾಡಿಕೊಳ್ಳಿ. ಎರಡು ನಾಯಿಯಿದ್ದರೆ ಬೇರೆ ಬೇರೆ ಕೋಣೆ. ಪೈಪೋಟಿಯಲ್ಲಿ ಯಾವ ನಾಯಿಯೂ ಅಗಿಯುವುದಿಲ್ಲ. ಊಟ ಮುಗಿಯುವವರೆಗೆ ನೀವು ಅಲ್ಲೇ ಇರಬೇಕು, ಫೋನ್ ಒಳಗಿರಲಿ.

ಮಾರನೇ ದಿನ ಮಲ ನೋಡಿ. ಸುಣ್ಣದ ಪುಡಿಯಂತೆ ಬಿಳಿಯಾಗಿ ಒಡೆದರೆ ಮೂಳೆ ಜಾಸ್ತಿಯಾಗಿದೆ. ಕಪ್ಪಗೆ ಸಡಿಲವಾಗಿದ್ದರೆ ಲಿವರ್ ಕಡಿಮೆ ಮಾಡಿ, ಎರಡನೇ ದಿನವೂ ಹಾಗೇ ಇದ್ದರೆ ವೈದ್ಯರಿಗೆ ತೋರಿಸಿ. ಮತ್ತೆ ಮತ್ತೆ ವಾಂತಿ, ಬೆನ್ನು ಬಿಲ್ಲಾಗಿ ನಿಲ್ಲುವುದು, ತಿಣುಕಿದರೂ ಮಲ ಬಾರದಿರುವುದು ಕಂಡರೆ ಕಾಯಬೇಡಿ. ಆಪರೇಷನ್ ಬೇಕೆಂದರೆ ಘಟ್ಟ ಹತ್ತಬೇಕಾದೀತು, ಹೊತ್ತು ಕಳೆದಷ್ಟೂ ಕಷ್ಟ.

ಮೂಳೆ ಕೊಡಲು ಧೈರ್ಯ ಸಾಲದವರಿಗೆ ಒಳ್ಳೆಯ ದಾರಿಯಿದೆ. ಮೊಟ್ಟೆ ಚಿಪ್ಪನ್ನು ಹತ್ತು ನಿಮಿಷ ಕುದಿಸಿ, ಒಣಗಿಸಿ, ಮಿಕ್ಸಿಯಲ್ಲಿ ಹಿಟ್ಟಿನಷ್ಟು ನುಣ್ಣಗೆ ಮಾಡಿ. ಒಂದು ಕೆಜಿ ಮೂಳೆಯಿಲ್ಲದ ಮಾಂಸಕ್ಕೆ ಒಂದು ಟೀ ಚಮಚ. ಮೊದಲ ಹತ್ತು ದಿನವೂ ಇದನ್ನೇ ಹಾಕಿ. ಮೂಳೆ ಕೊಡುತ್ತಾ ಮೇಲಿಂದ ಕ್ಯಾಲ್ಸಿಯಂ ಸಿರಪ್ ಸುರಿಯಬೇಡಿ.

ಫ್ರೀಜರ್, ಕರೆಂಟು, ಕೈ

ಒಂದು ದಿನದ್ದನ್ನು ಒಂದು ಪ್ಯಾಕೆಟ್ ಮಾಡಿ, ಚಪ್ಪಟೆ ತಟ್ಟಿ, ತಾರೀಕು ಬರೆದು ಫ್ರೀಜರಿಗೆ ಹಾಕಿ. ಹಿಂದಿನ ರಾತ್ರಿ ಫ್ರಿಜ್ಜಿನ ಕೆಳಗಿನ ಹಂತದಲ್ಲಿ ತಟ್ಟೆಯ ಮೇಲಿಟ್ಟು ಕರಗಿಸಿ. ನಮ್ಮ ಕರಾವಳಿಯ ಸೆಕೆಯಲ್ಲಿ ಕಟ್ಟೆಯ ಮೇಲಿಟ್ಟರೆ ಹೊರಗಡೆ ಹಾಳಾದ ಮೇಲೆ ಒಳಗಡೆ ಕರಗುತ್ತದೆ. 'ಫ್ರೀಜ್ ಮಾಡಿದರೆ ಕ್ರಿಮಿ ಎಲ್ಲ ಸಾಯ್ತವೆ' ಎಂಬ ಮಾತು ಅರ್ಧ ನಿಜ. ಪರಾವಲಂಬಿ ಹುಳುಗಳು ಬಹುಮಟ್ಟಿಗೆ ಸಾಯುತ್ತವೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ.

ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ಯಲ್ಲಾಪುರ, ಶಿರಸಿ ಕಡೆಯ ಹಳ್ಳಿಗಳಲ್ಲಿ ಕರೆಂಟು ಯಾವಾಗ ಬರುತ್ತದೆ ಎನ್ನುವಂತಿಲ್ಲ. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ 48 ಗಂಟೆ, ಅರ್ಧ ತುಂಬಿದ್ದು 24 ಗಂಟೆ ತಂಪು ಹಿಡಿದಿಡುತ್ತದೆ. ಒಂದು ಲೋಟ ನೀರನ್ನು ಐಸ್ ಮಾಡಿ ಅದರ ಮೇಲೊಂದು ನಾಣ್ಯ ಇಟ್ಟಿರಿ. ನಾಣ್ಯ ಒಳಗೆ ಇಳಿದಿದ್ದರೆ ನೀವಿಲ್ಲದಾಗ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಆ ಮಾಂಸ ಎಸೆಯಿರಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮೂರು ದಿನಕ್ಕಿಂತ ಜಾಸ್ತಿ ದಾಸ್ತಾನು ಬೇಡ. ಕರೆಂಟು ತೀರಾ ನೆಚ್ಚಿಕೆಯಿಲ್ಲದ ಊರಾದರೆ ಮಳೆಗಾಲವಿಡೀ ಮೂಳೆ ತೆಗೆದ ಮಾಂಸವನ್ನು ಬೇಯಿಸಿಯೇ ಕೊಡಿ, ಚಿಪ್ಪಿನ ಪುಡಿ ಸೇರಿಸಿ. ನಾಯಿಗೆ ಅದರಿಂದ ನಷ್ಟವೇನಿಲ್ಲ.

ನಾಯಿಯ ಮಾಂಸಕ್ಕೆ ಬೇರೆ ಮಣೆ, ಬೇರೆ ಕತ್ತಿ, ಸ್ಟೀಲ್ ತಟ್ಟೆ. ಅರ್ಧ ಗಂಟೆಯಲ್ಲಿ ತಿನ್ನದೆ ಬಿಟ್ಟದ್ದನ್ನು ತೆಗೆದುಬಿಡಿ. ಎಲ್ಲವನ್ನೂ ಸೋಪು ಹಾಕಿ ಬಿಸಿನೀರಲ್ಲಿ ತೊಳೆಯಿರಿ. ಅಂಗಳದ ಮಲ ದಿನವೂ ಎತ್ತಿ.

ಈರುಳ್ಳಿ, ಬೆಳ್ಳುಳ್ಳಿ, ದ್ರಾಕ್ಷಿ, ಒಣದ್ರಾಕ್ಷಿ ಈ ಊಟಕ್ಕೆ ಎಂದೂ ಸೇರಬಾರದು. ಮೊಟ್ಟೆ ವಾರಕ್ಕೆ ಎರಡು, ಹಳದಿ ಸಮೇತ.

ಕೋಳಿ ಒಂದರಿಂದಲೇ ವರ್ಷ ಕಳೆಯಲಾಗದು. ಸತು, ಅಯೋಡಿನ್, ವಿಟಮಿನ್ ಡಿ, ವಿಟಮಿನ್ ಇ ಕೊರತೆ ಬರುತ್ತದೆ. ತಿಂಗಳು ಕಳೆದ ಮೇಲೆ ಏನೇನು ಕೊಡುತ್ತಿದ್ದೀರಿ ಎಂದು ಬರೆದುಕೊಂಡು ಪಶುವೈದ್ಯರ ಹತ್ತಿರ ಹೋಗಿ. ಜಂತುಹುಳುವಿನ ಔಷಧಿಯಲ್ಲಿ ಲಾಡಿಹುಳು ಕೊಲ್ಲುವ ಪ್ರಾಜಿಕ್ವಾಂಟೆಲ್ ಇದೆಯೇ, ಎಷ್ಟು ತಿಂಗಳಿಗೊಮ್ಮೆ ಕೊಡಬೇಕು ಎಂದು ಕೇಳಿ. ಎರಡು ವಾರಕ್ಕೊಮ್ಮೆ ತೂಕ ನೋಡಿ. ಪಕ್ಕೆಲುಬು ಕೈಗೆ ಸಿಗದಷ್ಟು ದಪ್ಪಗಾದರೆ ಊಟವನ್ನು ಶೇ 2ಕ್ಕೆ ಇಳಿಸಿ, ಕಣ್ಣಿಗೇ ಎದ್ದು ಕಂಡರೆ ಶೇ 3ಕ್ಕೆ ಏರಿಸಿ.